ಬೋರ್ಡ್ ಗೇಮ್ ಎಕ್ಸ್‌ಪ್ಯಾನ್ಶನ್‌ಗೆ ಮರದ ಇನ್ಸರ್ಟ್: ಪರೀಕ್ಷಿಸಿ ರಿವ್ಯೂ ಬರೆಯುವ ಸಮಗ್ರ ಮಾರ್ಗದರ್ಶಿ

ಆಟದ ಪೆಟ್ಟಿಗೆಯೊಳಗೆ ಸಾಮಾನು ವಿಂಗಡಿಸಿಡಲು ಕೂರಿಸುವ ಟ್ರೇಗಳ ಸೆಟ್ಟೇ ಇನ್ಸರ್ಟ್. ಅದನ್ನು ಜೋಡಿಸಿ ಮುಗಿಸಿದ ಸಂಜೆಯೇ ನಾಲ್ಕು ಫೋಟೋ ಹಾಕಿ "ಸೂಪರ್ ಆಗಿದೆ, ಕಣ್ಮುಚ್ಚಿ ತಗೊಳ್ಳಿ" ಎಂದು ಬರೆಯುವವರು ಜಾಸ್ತಿ. ಅದನ್ನು ನಂಬಿ ಇನ್ನೊಬ್ಬರು ಸಾವಿರಾರು ರೂಪಾಯಿ ಕೊಟ್ಟು ತರಿಸುತ್ತಾರೆ. ಕಾರ್ಡುಗಳಿಗೆ ಸ್ಲೀವ್ (ಪಾರದರ್ಶಕ ಪ್ಲಾಸ್ಟಿಕ್ ಕವಚ) ಹಾಕಿ ಒಳಗಿಟ್ಟರೆ ಮುಚ್ಚಳ ಅರ್ಧ ಇಂಚು ಮೇಲೇ ನಿಂತಿರುತ್ತದೆ. ಎಕ್ಸ್‌ಪ್ಯಾನ್ಶನ್‌ನ, ಅಂದರೆ ಮೂಲ ಆಟಕ್ಕೆ ಸೇರಿಸಿ ಆಡುವ ಹೆಚ್ಚುವರಿ ಸೆಟ್ಟಿನ, ಟೋಕನ್‌ಗಳು ಮತ್ತೆ ಜಿಪ್ ಕವರಿಗೇ ಹೋಗುತ್ತವೆ. ಈ ದೂರನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಎಲ್ಲರೂ ಎಡವುವುದು ಕೆಲಸದ ಕ್ರಮದಲ್ಲಿ. ಅಳೆಯುವ ಮೊದಲೇ ಅಂಟು ಹಾಕುತ್ತಾರೆ, ಆಡುವ ಮೊದಲೇ ಬರೆಯುತ್ತಾರೆ. ಅದಕ್ಕೇ ಈ ಬರಹದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಒತ್ತು ಕೊಟ್ಟಿದ್ದೇನೆ.

ಉದಾಹರಣೆಗೆ ಹಕ್ಕಿಗಳ ಕಾರ್ಡುಗಳಿಂದ ಆಡುವ ವಿಂಗ್‌ಸ್ಪ್ಯಾನ್ ಎಂಬ ಬೋರ್ಡ್ ಗೇಮನ್ನು ತೆಗೆದುಕೊಳ್ಳುತ್ತೇನೆ. ಮೂಲ ಆಟದ ಪೆಟ್ಟಿಗೆಯಲ್ಲೇ ಯುರೋಪಿಯನ್ ಎಕ್ಸ್‌ಪ್ಯಾನ್ಶನ್ ಕೂಡ ಹಿಡಿಸುತ್ತದೆ ಎಂದು ಹೇಳಿ ಮಾರುವ ಮರದ ಇನ್ಸರ್ಟ್ ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ. ನಿಮ್ಮದು ಬೇರೆ ಆಟವಾದರೆ ಸಂಖ್ಯೆಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

## ಕೈಗೆ ಎಟುಕುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲ್. ಮಕ್ಕಳ ಜಾಮಿಟ್ರಿ ಬಾಕ್ಸ್‌ನ ಸೆಟ್‌ಸ್ಕ್ವೇರ್. ಪೆನ್ಸಿಲ್, ಚೂಪಾದ ಕಟ್ಟರ್, 220 ನಂಬರಿನ ಉಪ್ಪುಕಾಗದ. ಮರಕ್ಕೆ ಹಾಕುವ ಬಿಳಿ ಫೆವಿಕಾಲ್, ಹಲ್ಲುಕಡ್ಡಿ, ರಬ್ಬರ್ ಬ್ಯಾಂಡ್, ಕಾಗದದ ಮಾಸ್ಕಿಂಗ್ ಟೇಪ್. ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ, ಒಂದೆರಡು ಬಿಳಿ ಟಿಶ್ಯೂ. ಅಡುಗೆಮನೆಯ ತೂಕದ ಯಂತ್ರ ಇದ್ದರೆ ಒಳ್ಳೆಯದು. ಸಮಯ ನೋಡಲು ಫೋನ್ ಸಾಕು.

ಫೆವಿಕ್ವಿಕ್ ಥರದ ತಕ್ಷಣ ಹಿಡಿಯುವ ಅಂಟು ಬೇಡ. ಗೋಡೆ ಸೊಟ್ಟಗೆ ಕೂತರೆ ತಿದ್ದಲು ಸಮಯವೇ ಸಿಗುವುದಿಲ್ಲ. ಅದರ ಹಬೆ ಸುತ್ತಲಿನ ಮೇಲ್ಮೈ ಮೇಲೆ ಬಿಳಿ ಮಬ್ಬನ್ನೂ ಬಿಡುತ್ತದೆ.

## ಹಂತ 1: ಪಾರ್ಸೆಲ್ ಬಿಚ್ಚುವ ಮೊದಲು ಹಳೆಯ ಸ್ಥಿತಿಯನ್ನು ಬರೆದಿಡಿ

ಹೆಚ್ಚಿನವರು ಬಿಡುವ ಹಂತ ಇದೇ. ಇನ್ಸರ್ಟ್‌ನಿಂದ ಎಷ್ಟು ಸಮಯ ಉಳಿಯಿತು ಎಂದು ಹೇಳಬೇಕಾದರೆ ಮೊದಲು ಎಷ್ಟು ಹಿಡಿಯುತ್ತಿತ್ತು ಎಂಬುದು ಗೊತ್ತಿರಬೇಕು, ಅಲ್ವಾ? ಈಗ ಜಿಪ್ ಕವರ್‌ಗಳಲ್ಲಿ ಆಟ ಹೇಗಿದೆಯೋ ಹಾಗೇ ಇಟ್ಟು, ನಾಲ್ಕು ಜನಕ್ಕೆ ಆಟ ಹೂಡಿ. ಪೆಟ್ಟಿಗೆ ತೆರೆದಲ್ಲಿಂದ ಮೊದಲ ಆಟಗಾರ ಕೈ ಹಾಕುವವರೆಗಿನ ಸಮಯ ಬರೆಯಿರಿ. ಮತ್ತೆ ಎಲ್ಲ ಒಳಗಿಟ್ಟು ಮುಚ್ಚುವ ಸಮಯವನ್ನೂ ಬರೆಯಿರಿ. ಎರಡನ್ನೂ ಮೂರು ಮೂರು ಸಲ ಮಾಡಿ.

ಆಮೇಲೆ ಎಣಿಕೆ. ವಿಂಗ್‌ಸ್ಪ್ಯಾನ್ ಮೂಲ ಆಟದಲ್ಲಿ 170 ಹಕ್ಕಿ ಕಾರ್ಡು, 26 ಬೋನಸ್ ಕಾರ್ಡು, 75 ಮೊಟ್ಟೆ, 103 ಆಹಾರ ಟೋಕನ್ ಇರುತ್ತವೆ. ಯುರೋಪಿಯನ್ ಎಕ್ಸ್‌ಪ್ಯಾನ್ಶನ್ ಇದಕ್ಕೆ 81 ಹಕ್ಕಿ ಕಾರ್ಡು, 5 ಬೋನಸ್ ಕಾರ್ಡು, 15 ನೇರಳೆ ಮೊಟ್ಟೆ, 38 ಆಹಾರ ಟೋಕನ್ ಸೇರಿಸುತ್ತದೆ. ಒಟ್ಟು 251 ಹಕ್ಕಿ ಕಾರ್ಡು, 31 ಬೋನಸ್ ಕಾರ್ಡು, 90 ಮೊಟ್ಟೆ, 141 ಟೋಕನ್. ಇದರ ಜೊತೆ ಗುರಿಯ ಟೈಲ್‌ಗಳು, 40 ಕ್ಯೂಬ್‌ಗಳು, ಐದು ಆಟಗಾರರ ಮ್ಯಾಟ್, ದಾಳಗಳು, ದಾಳ ಉರುಳಿಸಲು ರಟ್ಟಿನ ಗೋಪುರ. ಇವೆಲ್ಲಕ್ಕೂ ಜಾಗ ಸಿಕ್ಕಿತೇ ಎಂದು ಕೊನೆಗೆ ಒಂದೊಂದಾಗಿ ಗುರುತು ಹಾಕಬೇಕು.

ಈಗ ಕಾರ್ಡಿನ ಲೆಕ್ಕ. ಇದನ್ನು ನಿಧಾನವಾಗಿ ನೋಡಿ, ಮುಚ್ಚಳದ ಜಗಳವೆಲ್ಲ ಶುರುವಾಗುವುದು ಇಲ್ಲಿಂದಲೇ.

ಒಂದು ಕಾರ್ಡಿನ ದಪ್ಪ ಸುಮಾರು 0.3 ಮಿ.ಮೀ. ಹಾಗಾದರೆ 251 ಕಾರ್ಡಿನ ಕಟ್ಟು ಸುಮಾರು 75 ಮಿ.ಮೀ. 100 ಮೈಕ್ರಾನ್ (0.1 ಮಿ.ಮೀ.) ದಪ್ಪದ ಸ್ಲೀವ್ ಹಾಕಿದರೆ ಮುಂದೊಂದು ಪದರ, ಹಿಂದೊಂದು ಪದರ ಸೇರಿ ಪ್ರತಿ ಕಾರ್ಡಿಗೆ 0.2 ಮಿ.ಮೀ. ಕೂಡುತ್ತದೆ. ಅದೇ ಕಟ್ಟು 125 ಮಿ.ಮೀ. ಆಯಿತು. ತೆಳುವಾದ 50 ಮೈಕ್ರಾನ್ ಸ್ಲೀವ್ ಆದರೆ ಸುಮಾರು 100 ಮಿ.ಮೀ. ಹೊಸ ಸ್ಲೀವ್‌ಗಳ ನಡುವೆ ಗಾಳಿ ಬೇರೆ ನಿಂತಿರುತ್ತದೆ. ಹಾಗಾಗಿ ಅಳೆಯುವ ಹಿಂದಿನ ರಾತ್ರಿ ಕಾರ್ಡುಗಳ ಮೇಲೆ ದಪ್ಪ ಪುಸ್ತಕ ಹೇರಿಡಿ.

ಉದ್ದಗಲವನ್ನೂ ಮರೆಯಬೇಡಿ. ವಿಂಗ್‌ಸ್ಪ್ಯಾನ್ ಕಾರ್ಡು 57 × 87 ಮಿ.ಮೀ. ಸ್ಲೀವ್ ಹಾಕಿದ ಮೇಲೆ ಎರಡೂ ಕಡೆ ಕೆಲವು ಮಿಲಿಮೀಟರ್ ಬೆಳೆಯುತ್ತದೆ. ನಿಮ್ಮ ಸ್ಲೀವ್‌ನ ಹೊರ ಅಳತೆಯನ್ನೇ ಬರೆದಿಡಿ.

ಸಾಮಾನ್ಯ ತಪ್ಪು: ಸ್ಲೀವ್ ಇಲ್ಲದ ಕಾರ್ಡಿಟ್ಟು ನೋಡಿ "ಎಲ್ಲ ಹಿಡಿಸುತ್ತದೆ" ಎಂದು ಬರೆಯುವುದು. ಓದುವವರಲ್ಲಿ ಸ್ಲೀವ್ ಹಾಕುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಇಬ್ಬರಿಗೂ ಉತ್ತರ ಸಿಗಬೇಕು.

## ಹಂತ 2: ಹಲಗೆಗಳನ್ನು ಬಿಡಿಸದೆಯೇ ಪರೀಕ್ಷಿಸಿ

ಪಾರ್ಸೆಲ್ ಬಿಚ್ಚಿದರೆ ಲೇಸರ್‌ನಲ್ಲಿ ಕತ್ತರಿಸಿದ ಹಲಗೆಗಳು ಸಿಗುತ್ತವೆ. ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸಿನ ದಪ್ಪ. ತುಂಡುಗಳು ಸಣ್ಣ ಸಣ್ಣ ಕೊಂಡಿಗಳಲ್ಲಿ ಹಲಗೆಗೇ ಅಂಟಿಕೊಂಡಿರುತ್ತವೆ. ಅವನ್ನು ಈಗಲೇ ಬಿಡಿಸಬೇಡಿ.

ಮೊದಲು ಯಾವ ಮರ ಎಂದು ನೋಡಿ. ಲೇಸರ್ ಸುಟ್ಟ ಅಂಚು ಕಪ್ಪಾಗಿರುವುದರಿಂದ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಹಲಗೆಯ ಹೊರ ಚೌಕಟ್ಟಿನ ಒಂದು ಮೂಲೆಯನ್ನು ಉಪ್ಪುಕಾಗದದಿಂದ ಉಜ್ಜಿ. ಪದರ ಪದರ ಕಂಡರೆ ಪ್ಲೈವುಡ್. ಒಂದೇ ಸಮನಾದ ಕಂದು ಹಿಟ್ಟಿನಂತೆ ಕಂಡರೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಅಥವಾ ಅದಕ್ಕಿಂತ ಗಟ್ಟಿಯಾಗಿ ಒತ್ತಿದ ಎಚ್‌ಡಿಎಫ್. ಎಂಡಿಎಫ್ ಸೊಟ್ಟಗಾಗುವುದು ಕಡಿಮೆ. ಆದರೆ ನೀರು ತಗುಲಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಓದುಗರಿಗೆ ಈ ಒಂದು ಮಾಹಿತಿ ಬೇಕೇ ಬೇಕು. ಎಂಡಿಎಫ್ ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ, ಆ ಹುಡಿ ಬಹಳ ನಯ.

ಆಮೇಲೆ ಹಲಗೆಯನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಮಲಗಿಸಿ. ನಾಲ್ಕೂ ಮೂಲೆ ಕಟ್ಟೆಗೆ ತಾಗುತ್ತವೆಯೇ? ಒಂದು ಮೂಲೆ ಎದ್ದಿದ್ದರೆ ಅಡಿಗೆ ಸ್ಕೇಲ್ ಇಟ್ಟು ಎಷ್ಟು ಎಂದು ಅಳೆಯಿರಿ. ಒಂದೆರಡು ಮಿ.ಮೀ. ಆದರೆ ಗೋಡೆಗಳು ಕೂತಾಗ ಎಳೆದು ನೇರವಾಗುತ್ತದೆ. ಬಾಳೆಲೆಯಂತೆ ಬಾಗಿದ್ದರೆ ಫೋಟೋ ತೆಗೆದು ಮಾರಿದವರಿಗೆ ಇವತ್ತೇ ಬರೆಯಿರಿ. ಬಿಡಿಸಿದ ಮೇಲೆ ಬರೆದರೆ ಅವರು ಒಪ್ಪುವುದು ಕಷ್ಟ.

ಕೊನೆಗೆ ಮಸಿ ಮತ್ತು ವಾಸನೆ. ಬಿಳಿ ಟಿಶ್ಯೂವನ್ನು ಕತ್ತರಿಸಿದ ಅಂಚಿನ ಮೇಲೆ ಒಂದು ಸಲ ಎಳೆಯಿರಿ. ತೆಳು ಕಂದು ಗೆರೆ ಬಂದರೆ ಪರವಾಗಿಲ್ಲ. ಕಾಡಿಗೆಯಂತೆ ಕಪ್ಪು ಹತ್ತಿದರೆ ಪ್ರತಿ ತುಂಡನ್ನೂ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ಒರೆಸಬೇಕು. ವಿಂಗ್‌ಸ್ಪ್ಯಾನ್ ಕಾರ್ಡಿನ ಹಿನ್ನೆಲೆ ತಿಳಿ ಬಣ್ಣದ್ದು, ಒಂದು ಸಲ ಮಸಿ ಹತ್ತಿದರೆ ಹೋಗುವುದಿಲ್ಲ. ಸುಟ್ಟ ವಾಸನೆ ಜೋರಾಗಿದ್ದರೆ ಎರಡು ಮೂರು ದಿನ ಗಾಳಿಯಾಡುವ ನೆರಳಲ್ಲಿಡಿ. ಬಿಸಿಲಿಗೆ ಇಟ್ಟರೆ ತೆಳು ಹಲಗೆ ಬಾಗುತ್ತದೆ.

## ಹಂತ 3: ಅಂಟಿಲ್ಲದೆ ಪೂರ್ತಿ ಜೋಡಿಸಿ

ಒಂದು ಸಲಕ್ಕೆ ಒಂದೇ ಟ್ರೇ. ಆ ಟ್ರೇಗೆ ಬೇಕಾದ ತುಂಡುಗಳನ್ನು ಮಾತ್ರ ಹಲಗೆಯಿಂದ ಬಿಡಿಸಿ. ಎಲ್ಲವನ್ನೂ ಒಟ್ಟಿಗೆ ಕಿತ್ತು ರಾಶಿ ಹಾಕಿದರೆ, ನೋಡಲು ಒಂದೇ ಥರ ಇರುವ ಗೋಡೆಗಳಲ್ಲಿ ಯಾವುದು ಯಾವ ಟ್ರೇಯದ್ದು ಎಂದು ಹುಡುಕುವುದೇ ಕೆಲಸವಾಗುತ್ತದೆ. ಬಿಡಿಸಿದ ತಕ್ಷಣ ಒಳಮುಖಕ್ಕೆ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆಯಿರಿ.

ಕೈಯಲ್ಲಿ ಒತ್ತಿ ಕೀಳಬೇಡಿ. ಪ್ಲೈಯ ಮೇಲ್ಪದರ ಸಿಬಿರೆದ್ದು ಬರುತ್ತದೆ. ಹಲಗೆಯನ್ನು ಬೋರಲು ಹಾಕಿ, ಹಿಂದಿನಿಂದ ಕೊಂಡಿಗಳನ್ನು ಕಟ್ಟರ್‌ನಿಂದ ಗೀರಿ, ಆಮೇಲೆ ಮೆಲ್ಲಗೆ ಒತ್ತಿ.

ಈಗ ತುಂಡುಗಳ ಅಂಚಿನ ಹಲ್ಲುಗಳನ್ನು ಎದುರು ತುಂಡಿನ ಕಂಡಿಗಳಿಗೆ ಕೂರಿಸಿ. ಹೆಬ್ಬೆರಳ ಒತ್ತಕ್ಕೆ ಕೂತು, ಟ್ರೇಯನ್ನು ಎತ್ತಿ ತಿರುಗಿಸಿದರೂ ಕಳಚದಿದ್ದರೆ ಕತ್ತರಿಸಿದ ಅಳತೆ ಸರಿಯಾಗಿದೆ. ಬಟ್ಟೆ ಸುತ್ತಿದ ಸುತ್ತಿಗೆಯಿಂದ ತಟ್ಟಬೇಕಾದರೆ ಬಿಗಿ ಜಾಸ್ತಿ. ಆಗ ಹಲ್ಲಿನ ಪಕ್ಕಕ್ಕೆ ಉಪ್ಪುಕಾಗದ ಎರಡೇ ಎಳೆತ, ಮತ್ತೆ ಕೂರಿಸಿ ನೋಡಿ, ಬೇಕಾದರೆ ಇನ್ನೆರಡು. ತಾನಾಗಿ ಕಳಚಿ ಬೀಳುತ್ತಿದ್ದರೆ ಸಡಿಲ. ತುಂಡನ್ನು ಒಳಮುಖ ಹೊರಮುಖ ಮಾಡಿ ಒಮ್ಮೆ ನೋಡಿ. ಲೇಸರ್ ಕತ್ತರಿಸಿದ ಅಂಚು ಕೊಂಚ ಓರೆಯಾಗಿರುವುದರಿಂದ ಕೆಲವೊಮ್ಮೆ ಅಷ್ಟಕ್ಕೇ ಬಿಗಿಯಾಗುತ್ತದೆ. ಎಷ್ಟು ಹಲ್ಲು ಬಿಗಿ, ಎಷ್ಟು ಸಡಿಲ ಎಂದು ಬರೆದಿಡಿ. ರಿವ್ಯೂನಲ್ಲಿ ಈ ಎರಡು ಸಾಲು ಹತ್ತು ಚಂದದ ಫೋಟೋಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನಾನು ಒಮ್ಮೆ ಈ ಹಂತ ಬಿಟ್ಟು ನೇರವಾಗಿ ಅಂಟಿಗೆ ಹೋಗಿದ್ದೆ. ಪಕ್ಕದ ಗೋಡೆ ತಲೆಕೆಳಗಾಗಿ ಕೂತಿತ್ತು, ಅಡ್ಡಗೋಡೆ ಜಾರಿಸುವ ಕಂಡಿ ಕೆಳಮುಖವಾಗಿತ್ತು. ಮರುದಿನ ಬೆಳಗ್ಗೆ ಗೊತ್ತಾಯಿತು. ಬಿಡಿಸಲು ಹೋದರೆ ಅಂಟು ಬಿಡಲಿಲ್ಲ, ಪ್ಲೈಯ ಮೇಲ್ಪದರವೇ ಉಗುರಗಲ ಕಿತ್ತು ಬಂತು. ಆ ಟ್ರೇಯಲ್ಲಿ ಇಂದಿಗೂ ಅಡ್ಡಗೋಡೆ ಇಲ್ಲ.

## ಹಂತ 4: ಅಂಟು ಹಾಕುವ ಮೊದಲೇ ಮುಚ್ಚಳ ಹಾಕಿ ನೋಡಿ

ಎಲ್ಲ ಟ್ರೇಗಳನ್ನೂ ಮಾಸ್ಕಿಂಗ್ ಟೇಪಿನಿಂದ ಹಿಡಿಸಿ ಪೆಟ್ಟಿಗೆಯೊಳಗೆ ಇಡಿ. ಮೊದಲು ಖಾಲಿ ಟ್ರೇ, ಆಮೇಲೆ ತುಂಬಿದ ಟ್ರೇ. ಮೇಲೆ ಆಟಗಾರರ ಮ್ಯಾಟ್, ನಿಯಮ ಪುಸ್ತಕಗಳು, ಅಂಕದ ಹಾಳೆ. ಎಕ್ಸ್‌ಪ್ಯಾನ್ಶನ್‌ನ ನಿಯಮ ಪುಸ್ತಕವನ್ನೂ ಸೇರಿಸಿ. ಅದನ್ನು ಮರೆಯುವವರು ತುಂಬ ಜನ.

ಮರ ಎಷ್ಟು ಜಾಗ ತಿನ್ನುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಒಂದು ಗೋಡೆ 3 ಮಿ.ಮೀ. ಪಕ್ಕಪಕ್ಕ ಮೂರು ಟ್ರೇ ಇಟ್ಟರೆ ಆರು ಗೋಡೆ, 18 ಮಿ.ಮೀ. ಹೋಯಿತು. ಒಂದರ ಮೇಲೊಂದು ಎರಡು ಟ್ರೇ ಇಟ್ಟರೆ ಎರಡು ತಳ, ಎತ್ತರದಲ್ಲಿ 6 ಮಿ.ಮೀ. ಹೋಯಿತು. ಆಟದ ಜೊತೆ ಬರುವ ತೆಳು ಪ್ಲಾಸ್ಟಿಕ್ ಟ್ರೇಯಲ್ಲಿ ಈ ನಷ್ಟ ಇರಲಿಲ್ಲ. ಮೂಲ ಆಟ ಆರಾಮಾಗಿ ಕೂತಿದ್ದ ಪೆಟ್ಟಿಗೆಯಲ್ಲಿ ಎಕ್ಸ್‌ಪ್ಯಾನ್ಶನ್ ಸೇರಿದಾಗ ಮುಚ್ಚಳ ಏಳುವುದು ಇದರಿಂದಲೇ.

ಮುಚ್ಚಳ ಹಾಕಿ, ಕೈಯಿಂದ ಒತ್ತದೆ, ತನ್ನ ಭಾರಕ್ಕೆ ಎಷ್ಟು ಇಳಿಯುತ್ತದೋ ಅಷ್ಟು ಇಳಿಯಲು ಬಿಡಿ. ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವಿನ ಅಂತರವನ್ನು ನಾಲ್ಕೂ ಬದಿಯಲ್ಲಿ ಅಳೆಯಿರಿ. ಸ್ಲೀವ್ ಇಲ್ಲದೆ ಒಂದು ಸಲ, ಸ್ಲೀವ್ ಹಾಕಿ ಒಂದು ಸಲ. ಇನ್ಸರ್ಟ್ ಇಲ್ಲದಾಗ ಮುಚ್ಚಳ ಎಲ್ಲಿಗೆ ಬರುತ್ತಿತ್ತು ಎಂಬುದೂ ಗೊತ್ತಿರಲಿ.

ನನ್ನ ಲೆಕ್ಕದಲ್ಲಿ 3 ಮಿ.ಮೀ.ವರೆಗೆ ತೊಂದರೆ ಇಲ್ಲ. 10 ಮಿ.ಮೀ. ದಾಟಿದರೆ ಕಪಾಟಿನಲ್ಲಿ ಅದರ ಮೇಲೆ ಇನ್ನೊಂದು ಪೆಟ್ಟಿಗೆ ಇಡುವುದು ಬೇಡ, ಭಾರವೆಲ್ಲ ಮುಚ್ಚಳದ ಮಧ್ಯಕ್ಕೆ ಬಿದ್ದು ಮೂಲೆಗಳು ಹರಿಯುತ್ತವೆ.

ಎಚ್ಚರಿಕೆಯ ಗುರುತು: ಒಂದೇ ಬದಿಯಲ್ಲಿ ಮುಚ್ಚಳ ಎದ್ದಿದ್ದರೆ ಯಾವುದೋ ಟ್ರೇ ಸರಿಯಾಗಿ ಕೂತಿಲ್ಲ ಅಥವಾ ತಪ್ಪು ಜಾಗದಲ್ಲಿದೆ. ನಾಲ್ಕೂ ಬದಿಯಲ್ಲಿ ಸಮನಾಗಿ ಎದ್ದಿದ್ದರೆ ವಿನ್ಯಾಸದಲ್ಲೇ ಎತ್ತರ ಜಾಸ್ತಿ. ಮೊದಲನೆಯದು ನಿಮ್ಮ ಕೈಯಲ್ಲಿದೆ. ಎರಡನೆಯದನ್ನು ರಿವ್ಯೂನಲ್ಲಿ ಬರೆಯಬೇಕು.

ಪೆಟ್ಟಿಗೆಯ ಬದಿಗಳನ್ನೂ ನೋಡಿ. ಹೊರಕ್ಕೆ ಉಬ್ಬಿದ್ದರೆ ಇನ್ಸರ್ಟ್ ಅಗಲ ಜಾಸ್ತಿ. ಟ್ರೇಗಳ ಮತ್ತು ಪೆಟ್ಟಿಗೆಯ ನಡುವೆ ಒಂದು ಮಿ.ಮೀ. ಆದರೂ ಸಡಿಲ ಇರಬೇಕು. ಮಳೆಗಾಲದಲ್ಲಿ ಮರವೂ ರಟ್ಟೂ ತುಸು ಹಿಗ್ಗುತ್ತವೆ.

## ಹಂತ 5: ಅಂಟು

ಈ ಕೆಲಸ ಸರಳ, ಹೇಳುವುದು ಹೆಚ್ಚಿಲ್ಲ. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಫೆವಿಕಾಲ್ ತೆಗೆದು ಕಂಡಿಯ ಒಳಗೆ ಹಚ್ಚಿ. ಹಲ್ಲಿಗೆ ಹಚ್ಚಿದರೆ ಒತ್ತುವಾಗ ಅಂಟೆಲ್ಲ ಹೊರಗೆ ತಳ್ಳಲ್ಪಡುತ್ತದೆ. ಹೊರಬಂದದ್ದನ್ನು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ. ಸೆಟ್‌ಸ್ಕ್ವೇರ್ ಇಟ್ಟು ಮೂಲೆ ನೇರ ಇದೆಯೇ ನೋಡಿ, ರಬ್ಬರ್ ಬ್ಯಾಂಡ್ ಸುತ್ತಿ, ಸಮತಟ್ಟಾದ ಜಾಗದಲ್ಲಿಡಿ. ಅರ್ಧ ಗಂಟೆಯಲ್ಲಿ ಹಿಡಿಯುತ್ತದೆ. ಪೂರ್ತಿ ಗಟ್ಟಿಯಾಗಲು ಒಂದು ದಿನ ಕೊಡಿ, ಜಡಿಮಳೆಯ ದಿನಗಳಲ್ಲಿ ಎರಡು ದಿನ.

ಜಾರಿಸಿ ತೆಗೆಯುವ ಅಡ್ಡಗೋಡೆಗಳಿಗೆ ಅಂಟು ಹಾಕಬೇಡಿ. ಮುಂದೆ ಓಷಿಯಾನಿಯಾ ಎಕ್ಸ್‌ಪ್ಯಾನ್ಶನ್ ಕೊಂಡರೆ ಇನ್ನೂ 95 ಹಕ್ಕಿ ಕಾರ್ಡು ಬರುತ್ತವೆ. ಆಗ ಆ ಅಡ್ಡಗೋಡೆ ಸರಿಸಬೇಕಾಗುತ್ತದೆ. ಒಟ್ಟು 346 ಕಾರ್ಡಿಗೆ 100 ಮೈಕ್ರಾನ್ ಸ್ಲೀವ್ ಹಾಕಿದರೆ 173 ಮಿ.ಮೀ. ಆಗುತ್ತದೆ ಎಂಬುದೂ ನೆನಪಿರಲಿ. "ಮುಂದಿನ ಎಕ್ಸ್‌ಪ್ಯಾನ್ಶನ್‌ಗೂ ಜಾಗವಿದೆ" ಎಂದು ಬರೆಯುವ ಮೊದಲು ಅಷ್ಟು ಉದ್ದದ ರಟ್ಟಿನ ತುಂಡು ಕತ್ತರಿಸಿ ಟ್ರೇಗಳಲ್ಲಿಟ್ಟು ನೋಡಿ.

## ಹಂತ 6: ಅಡ್ಡ ನಿಲ್ಲಿಸಿ ಒಂದು ರಾತ್ರಿ ಬಿಡಿ

ಅಂಟು ಒಣಗಿದ ಮೇಲೆ ಎಲ್ಲ ತುಂಬಿ, ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಪುಸ್ತಕದಂತೆ ನಿಲ್ಲಿಸಿ. ರಾತ್ರಿಯಿಡೀ ಹಾಗೇ ಇರಲಿ. ಬೆಳಗ್ಗೆ ಮಲಗಿಸಿ ನಿಧಾನವಾಗಿ ತೆರೆಯಿರಿ.

ಮೊಟ್ಟೆಗಳು ಟೋಕನ್‌ಗಳ ಮನೆಗೆ ಹಾರಿವೆಯೇ? ಕ್ಯೂಬ್‌ಗಳು ತಳದಲ್ಲಿ ಸೇರಿವೆಯೇ? ಯಾವ ಟ್ರೇ ಮೇಲೆ ಮುಚ್ಚಳ ಇಲ್ಲವೋ, ಅದರ ಮೇಲೆ ಒತ್ತಿ ಹಿಡಿಯಲು ಮ್ಯಾಟ್‌ಗಳು ಇವೆಯೇ ಎಂಬುದರ ಮೇಲೆ ಇದೆಲ್ಲ ನಿಂತಿದೆ. ಎಷ್ಟು ತುಂಡು ಜಾಗ ಬಿಟ್ಟಿವೆ ಎಂದು ಎಣಿಸಿ ಬರೆಯಿರಿ. ಕಾರಿನಲ್ಲಿ ಗೆಳೆಯರ ಮನೆಗೆ ಆಟ ಒಯ್ಯುವವರಿಗೆ ಇದು ದೊಡ್ಡ ವಿಷಯ.

ತೂಕವನ್ನೂ ನೋಡಿ. 3 ಮಿ.ಮೀ. ಬರ್ಚ್ ಪ್ಲೈ ಒಂದು ಚದರ ಮೀಟರಿಗೆ ಸುಮಾರು 2 ಕಿಲೋ ತೂಗುತ್ತದೆ, ಎಂಡಿಎಫ್ ಸಾಮಾನ್ಯವಾಗಿ ಅದಕ್ಕಿಂತ ತುಸು ಜಾಸ್ತಿ.

## ಹಂತ 7: ಕನಿಷ್ಠ ಮೂರು ಆಟ ಆಡಿ

ಇನ್ಸರ್ಟ್‌ನ ಗುಣ ಗೊತ್ತಾಗುವುದು ಆಟದ ನಡುವೆ, ಬೆರಳ ತುದಿಯಲ್ಲಿ.

ವಿಂಗ್‌ಸ್ಪ್ಯಾನ್‌ನಲ್ಲಿ ನಾಲ್ಕು ಸುತ್ತು ಸೇರಿ ಒಬ್ಬೊಬ್ಬರಿಗೆ 26 ಸರದಿ. ಸರದಿ ಸರದಿಗೂ ಯಾರಾದರೂ ಮೊಟ್ಟೆಗೋ ಆಹಾರಕ್ಕೋ ಕೈ ಹಾಕುತ್ತಿರುತ್ತಾರೆ. ಮರದ ಟ್ರೇಯ ತಳ ಚಪ್ಪಟೆ, ಮೂಲೆ ಚೌಕ. ಟ್ರೇ ತುಂಬಿರುವಾಗ ಏನೂ ಅನಿಸುವುದಿಲ್ಲ. ಕೊನೆಯ ಸುತ್ತಿನಲ್ಲಿ ನಾಲ್ಕೈದು ಮೊಟ್ಟೆ ಉಳಿದಾಗ ನೋಡಿ. ಮೂಲೆಗೆ ಸೇರಿದ ಮೊಟ್ಟೆಯನ್ನು ತೋರುಬೆರಳು ಒತ್ತುತ್ತದೆ, ಅದು ಗೋಡೆಗೆ ಉಜ್ಜಿ ಜಾರುತ್ತದೆ, ಉಗುರು ಮರಕ್ಕೆ ತಾಗುತ್ತದೆ, ಕೊನೆಗೆ ಟ್ರೇಯನ್ನೇ ಎತ್ತಿ ಓರೆ ಮಾಡಬೇಕಾಗುತ್ತದೆ. ಚಪ್ಪಟೆ ಟೋಕನ್‌ಗಳಂತೂ ತಳಕ್ಕೆ ಅಂಟಿಕೊಂಡಂತೆ ಮಲಗಿರುತ್ತವೆ.

ಟ್ರೇಯ ಮುಂದಿನ ಗೋಡೆ ತಗ್ಗಾಗಿದ್ದರೆ ಅಥವಾ ಒಳಗೆ ಇಳಿಜಾರು ಕೊಟ್ಟಿದ್ದರೆ ಈ ತೊಂದರೆ ಇರುವುದಿಲ್ಲ. ಇಲ್ಲದಿದ್ದರೆ ಮನೆಯಲ್ಲೇ ಸರಿ ಮಾಡಬಹುದು. ಮದುವೆ ಕಾರ್ಡಿನಂಥ ದಪ್ಪ ಕಾಗದವನ್ನು ಟ್ರೇಯ ಅಗಲಕ್ಕೆ ಕತ್ತರಿಸಿ, ತೊಟ್ಟಿಲಿನಂತೆ ಬಾಗಿಸಿ ಒಳಗಿಡಿ. ಮೊಟ್ಟೆಗಳು ತಾವಾಗಿ ನಡುವಿಗೆ ಬರುತ್ತವೆ.

ಕಾರ್ಡಿನ ಟ್ರೇಯಲ್ಲಿ ಎರಡು ಬೆರಳು ಇಳಿಯುವಷ್ಟು ತೆರಪು ಬೇಕು. ಇಲ್ಲದಿದ್ದರೆ ಪ್ರತಿ ಸಲ ಕಟ್ಟನ್ನು ತಲೆಕೆಳಗು ಮಾಡಿ ಸುರಿಯಬೇಕು, ಸ್ಲೀವ್‌ನ ಅಂಚು ಮರಕ್ಕೆ ಸಿಕ್ಕಿ ಸೀಳುತ್ತದೆ. ದಾಳದ ಗೋಪುರವನ್ನು ಜೋಡಿಸಿದಂತೆಯೇ ಒಳಗಿಡಬಹುದೇ, ಪ್ರತಿ ಸಲ ಬಿಡಿಸಬೇಕೇ ಎಂದೂ ನೋಡಿ. ರಟ್ಟಿನ ಗೋಪುರವನ್ನು ಪದೇ ಪದೇ ಬಿಡಿಸಿದರೆ ಅದರ ಹಲ್ಲುಗಳು ಮೆತ್ತಗಾಗುತ್ತವೆ.

ಈಗ ಗಡಿಯಾರ. ಹಂತ 1ರಲ್ಲಿ ಮಾಡಿದಂತೆಯೇ ನಾಲ್ಕು ಜನಕ್ಕೆ ಆಟ ಹೂಡುವುದು, ಎತ್ತಿಡುವುದು, ಮೂರು ಸಲ. ಮೊದಲ ಸಲದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಯಾವ ಟ್ರೇ ಎಲ್ಲಿ ಎಂದು ಕಲಿಯುವುದರಲ್ಲೇ ಸಮಯ ಹೋಗುತ್ತದೆ. ಒಂದು ಸಲ ಇನ್ಸರ್ಟ್ ಜೋಡಿಸದ ಬೇರೆಯವರ ಕೈಲಿ ಎತ್ತಿಡಿಸಿ. ನಮ್ಮ ಮನೆಯಲ್ಲಿ ಅಕ್ಕನಿಗೆ ಕೊಟ್ಟಿದ್ದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಇದ್ರಲ್ಲಿ ಯಾವ್ದು ಅಡಿಗೆ ಹೋಗತ್ತೆ?" ಟ್ರೇಗಳ ಮೇಲೆ ಯಾವ ಗುರುತೂ ಇರಲಿಲ್ಲ. ಎಷ್ಟೋ ದಿನ ನಾನೇ ಜೋಡಿಸಿ ನಾನೇ ಎತ್ತಿಟ್ಟಿದ್ದರಿಂದ ಆ ಕೊರತೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

## ಹಂತ 8: ಈಗ ಬರೆಯಿರಿ

ಮೊದಲ ಪ್ಯಾರಾದಲ್ಲೇ ಮೂರು ವಿಷಯ ಬರಲಿ. ಯಾವ ಆಟ, ಯಾವ ಎಕ್ಸ್‌ಪ್ಯಾನ್ಶನ್ ಇಟ್ಟು ನೋಡಿದಿರಿ. ಸ್ಲೀವ್ ಎಷ್ಟು ಮೈಕ್ರಾನ್. ಇನ್ಸರ್ಟ್‌ಗೆ ನೀವು ದುಡ್ಡು ಕೊಟ್ಟಿರೋ, ಮಾರುವವರು ಉಚಿತವಾಗಿ ಕಳಿಸಿದರೋ. ಉಚಿತವಾಗಿ ಬಂದಿದ್ದರೆ ಎದ್ದು ಕಾಣುವಂತೆ ಹೇಳಿ. ಭಾರತದ ಜಾಹೀರಾತು ಮಾನದಂಡಗಳ ಸಂಸ್ಥೆ ಆಸ್ಕಿ 2021ರಲ್ಲಿ ತಂದ ಮಾರ್ಗಸೂಚಿಯೂ ಇದನ್ನೇ ಕೇಳುತ್ತದೆ.

ಬೆಲೆ ಬರೆಯುವಾಗ ಸಾಗಣೆ ಮತ್ತು ಕಸ್ಟಮ್ಸ್ ಸೇರಿಸಿ ಕೈಗೆ ಬಂದ ಬೆಲೆ ಬರೆಯಿರಿ. ಹೊರದೇಶದಿಂದ ತರಿಸಿದ ಭಾರದ ಮರಕ್ಕೆ ಈ ಎರಡು ಸೇರಿದಾಗ ಅಂಕಿ ಬಹಳ ಬದಲಾಗುತ್ತದೆ.

ಫೋಟೋ ಮೂರು ಸಾಕು. ಮುಚ್ಚಳ ಹಾಕಿದ ಪೆಟ್ಟಿಗೆ, ಪಕ್ಕದಿಂದ, ಕಣ್ಣಿನ ಮಟ್ಟದಲ್ಲಿ, ಸ್ಕೇಲ್ ಇಟ್ಟು. ತುಂಬಿದ ಟ್ರೇಗಳು ಮೇಲಿನಿಂದ. ಕೆಟ್ಟದಾಗಿ ಕೂತ ಒಂದು ಮೂಲೆ ಹತ್ತಿರದಿಂದ. ಮೇಲಿನಿಂದ ತೆಗೆದ ಫೋಟೋದಲ್ಲಿ ಮುಚ್ಚಳ ಎದ್ದಿರುವುದು ಎಂದೂ ಕಾಣಿಸುವುದಿಲ್ಲ.

ಆಮೇಲೆ ಮುಚ್ಚಳದ ಅಂತರ, ಹೂಡುವ ಮತ್ತು ಎತ್ತಿಡುವ ಸಮಯ, ಜಾಗ ಸಿಗದ ಸಾಮಾನಿನ ಪಟ್ಟಿ. ಇವೆಲ್ಲ ಅಂಕಿ. ಮರದ ಅಂದ, ಕೈಗೆ ಸಿಗುವ ಹಿತ ನಿಮ್ಮ ಅಭಿಪ್ರಾಯ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ಹತ್ತಕ್ಕೆ ಎಷ್ಟು ಅಂಕ ಎನ್ನುವುದಕ್ಕಿಂತ ಯಾರಿಗೆ ಬೇಡ ಎಂದು ಬರೆದರೆ ಒಳ್ಳೆಯದು. ಎಕ್ಸ್‌ಪ್ಯಾನ್ಶನ್ ಕೊಳ್ಳದವರಿಗೆ ವಿಂಗ್‌ಸ್ಪ್ಯಾನ್‌ನ ಸ್ವಂತ ಟ್ರೇ ಮತ್ತು ಐದು ಸಣ್ಣ ಡಬ್ಬಿ ಸಾಕು ಎಂದು ನನಗೆ ಅನಿಸುತ್ತದೆ. ತಿಂಗಳಿಗೊಮ್ಮೆಯೂ ಆಡದವರಿಗೂ ಹಾಗೇ.

## ಹಂತ 9: ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ತೆರೆಯಿರಿ

ರಿವ್ಯೂ ಪ್ರಕಟವಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಪೆಟ್ಟಿಗೆ ತೆರೆದು ಟ್ರೇಗಳನ್ನು ಮತ್ತೆ ಗ್ರಾನೈಟ್ ಕಟ್ಟೆಯ ಮೇಲಿಡಿ. ತಳ ಅಲುಗಾಡುತ್ತಿದೆಯೇ? ಮೂಲೆಯ ಅಂಟು ಬಿಟ್ಟಿದೆಯೇ? ಒಳಗೆ ಬೂದು ಚುಕ್ಕೆಯ ಬೂಸ್ಟು ಇದೆಯೇ? ಕರಾವಳಿ, ಮಲೆನಾಡಿನವರು ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್‌ನ ಎರಡು ಪೊಟ್ಟಣ ಇಟ್ಟಿರಬೇಕು. ಚಳಿಗಾಲದಲ್ಲಿ ಹೀಟರ್ ಹಾಕುವ ದೇಶಗಳಲ್ಲಿ ಇರುವವರಿಗೆ ಇದರ ಉಲ್ಟಾ ಆಗುತ್ತದೆ. ಗಾಳಿ ಒಣಗಿ ಮರ ಕುಗ್ಗುತ್ತದೆ, ಬಿಗಿಯಾಗಿದ್ದ ಅಡ್ಡಗೋಡೆ ಸಡಿಲವಾಗುತ್ತದೆ.

ಮುಚ್ಚಳದ ಅಂತರವನ್ನು ಮತ್ತೊಮ್ಮೆ ನಾಲ್ಕೂ ಬದಿ ಅಳೆದು, ಹಳೆಯ ಅಂಕಿಯ ಪಕ್ಕದಲ್ಲೇ ತಾರೀಕು ಹಾಕಿ ಬರೆಯಿರಿ.